ಗೆಂದಾಳಿ ಲೆಕ್ಕ: ಬದಿಯಡ್ಕದ ಒಂದು ತೋಟಕ್ಕೆ ನೂರು ವರ್ಷದ ಸಂಶೋಧನೆ ತಲುಪಿದ ಬಗೆ

2004ರ ಮೇ ತಿಂಗಳ ಕೊನೆ. ಬದಿಯಡ್ಕದ ಹತ್ತಿರ ಇರುವ ನಮ್ಮ ಭಾವನ ಅಂಗಳಕ್ಕೆ ಒಂದು ಪಿಕಪ್ ಬಂತು. ಹಿಂದೆ ತುಂಬಾ ತೆಂಗಿನ ಸಸಿ. ಎಣಿಸಿದರೆ 60. ಹೈಬ್ರಿಡ್ ಅಂತ ಹೇಳಿ ಕೊಟ್ಟದ್ದು, ಹೈಬ್ರಿಡ್ ರೇಟೇ ತೆಗೆದುಕೊಂಡದ್ದು. ಎಲ್ಲ ಸಸಿಗಳ ದಂಟೂ ಒಳ್ಳೆ ಕಿತ್ತಳೆ ಬಣ್ಣ. ಅಕ್ಕ ಜಗಲಿಯಿಂದ ಇಳಿದು ಬಂದು ನೋಡಿ, "ಎಂಥ ಚಂದ ಉಂಟು" ಅಂದಳು. ನಾನೂ ಅಲ್ಲೇ ಇದ್ದೆ. ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವವನು ನಾನು. 60 ಸರಿ ಉಂಟಾ ಅಂತ ಎರಡು ಸಲ ಎಣಿಸಿದೆ, ಅಷ್ಟೆ.

ನಾಲ್ಕನೇ ವರ್ಷಕ್ಕೆ ಹೊಂಬಾಳೆ ಒಡೆಯಿತು. ಭಾವ ಖುಷಿಯಲ್ಲಿ ಫೋನ್ ಮಾಡಿದರು. ಕೆಲವು ತಿಂಗಳು ಕಳೆದ ಮೇಲೆ ಮತ್ತೆ ಫೋನ್. ಈ ಸಲ ಸ್ವರ ಬೇರೆ. "ಭಾವ, ಎಲ್ಲ ಗೆಂದಾಳಿ ಮಾರಾಯ್ರೆ."

ಗೆಂದಾಳಿ ಅಂದರೆ ಕಿತ್ತಳೆ ಬಣ್ಣದ ಗಿಡ್ಡ ತಳಿಯ ತೆಂಗು. ಕೆಟ್ಟ ಮರವೇನೂ ಅಲ್ಲ. ಬೊಂಡಕ್ಕೆ, ಅಂದರೆ ಎಳನೀರಿಗೆ, ಅದರಷ್ಟು ರುಚಿ ಇನ್ನೊಂದಿಲ್ಲ. ಪೂಜೆಗೂ ಅದೇ ಬೇಕು. ಆದರೆ ಮನೆ ಎದುರು ಎರಡು ಮರ ಇದ್ದರೆ ಸಾಕು. ಎಣ್ಣೆಗೆ, ಕೊಬ್ಬರಿಗೆ ಅದು ಆಗುವುದಿಲ್ಲ. ಬೇಸಿಗೆಯಲ್ಲಿ ನೀರು ಸ್ವಲ್ಪ ಕಮ್ಮಿಯಾದರೂ ಸೋತು ಹೋಗುತ್ತದೆ. 60 ಗೆಂದಾಳಿ ಇಟ್ಟುಕೊಂಡು ಏನು ಮಾಡುವುದು?

ಸಸಿ ಕೊಟ್ಟವರು ಯಾರು ಅಂತ ಇಲ್ಲಿ ಹೇಳುವುದಿಲ್ಲ. ಅದಕ್ಕಿಂತ ನನ್ನ ತಲೆಯಲ್ಲಿ ಕೊರೆದದ್ದು ಬೇರೆ ವಿಷಯ. ಬದಿಯಡ್ಕದಿಂದ ಬಸ್ಸು ಹತ್ತಿದರೆ ಗಂಟೆಯೊಳಗೆ ಕೂಡ್ಲು. ಅಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ಎಲ್ಲರ ಬಾಯಲ್ಲಿ ಸಿಪಿಸಿಆರ್‌ಐ. ಅಲ್ಲಿಯ ನರ್ಸರಿಯಲ್ಲಿ ಕೆಲಸ ಮಾಡುವ ಯಾರನ್ನು ಕರೆದು ತೋರಿಸಿದ್ದರೂ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದರು. ಗೆಂದಾಳಿಯನ್ನು ತಾಯಿ ಮಾಡಿ, ಊರಿನ ಎತ್ತರದ ಮರದ ಪರಾಗ ಹಾಕಿದರೆ ಹುಟ್ಟುವ ಹೈಬ್ರಿಡ್ ಸಸಿಯ ದಂಟು ಕಂದು ಬಣ್ಣದ್ದು. ಕಿತ್ತಳೆ ದಂಟು ಬಂದರೆ ಪರಾಗ ಹೊರಗಿನದ್ದಲ್ಲ, ಗೆಂದಾಳಿಯದ್ದೇ. ಅಂಥ ಸಸಿಗಳನ್ನು ಅಲ್ಲಿ ಸಾಲಿನಿಂದಲೇ ಕಿತ್ತು ಹೊರಗೆ ಹಾಕುತ್ತಾರೆ. ನಾವು ಚಂದ ಉಂಟು ಅಂತ ಹಣ ಕೊಟ್ಟು ತಂದದ್ದು ಅದನ್ನೇ.

ಗೊತ್ತಿರುವುದು ಅಲ್ಲಿ ಇತ್ತು. ಬೇಕಾದದ್ದು ಇಲ್ಲಿ. ನಡುವೆ 20 ಕಿಲೋಮೀಟರ್ ಕೂಡ ಇಲ್ಲ. ಹಾಗಾದರೆ ಇಷ್ಟು ವರ್ಷ ಸರ್ಕಾರ ಸುರಿದ ದುಡ್ಡಿನಿಂದ ಭಾವನ ತೋಟಕ್ಕೆ ಬಂದದ್ದು ಏನು, ಬಾರದೆ ಉಳಿದದ್ದು ಏನು? ನಿವೃತ್ತನಾದ ಮೇಲೆ ಸುಮ್ನೆ ಕೂತು ಅದರ ಲೆಕ್ಕ ಹಾಕಿದೆ. ಈ ಬರಹ ಆ ಲೆಕ್ಕ.

ತೋಟ

ಒಟ್ಟು ಮೂರು ಎಕರೆ ಚಿಲ್ಲರೆ. ಎರಡು ಮುರಕಲ್ಲ ಗುಡ್ಡೆಗಳ ನಡುವಿನ ತಗ್ಗು. ನೀರು ಸುರಂಗದ್ದು. ಗುಡ್ಡೆಯ ಹೊಟ್ಟೆಗೆ ಅಡ್ಡ ಕೊರೆದು ತಂದ ನೀರು ಏಪ್ರಿಲ್ ತನಕ ಬರುತ್ತದೆ, ಆಮೇಲೆ ಬೆರಳು ದಪ್ಪಕ್ಕೆ ಇಳಿಯುತ್ತದೆ. ಎರಡು ಎಕರೆಯಲ್ಲಿ ಅಡಿಕೆ, ಸುತ್ತ ತೆಂಗು, ನಡುವೆ ಬಾಳೆ, ಕೊಕ್ಕೊ, ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸು. ಕಾಸರಗೋಡಿನ ಕನ್ನಡದವರ ತೋಟ ಹೇಗಿರುತ್ತದೋ ಹಾಗೆ.

ಭಾವನ ಅಜ್ಜ ಸಸಿ ಮಾಡುತ್ತಿದ್ದದ್ದು ತಮ್ಮದೇ ಮರದ ಗೋಟಿನಿಂದ. ಹಣ್ಣಡಿಕೆಯನ್ನು ನೀರಿಗೆ ಹಾಕುವುದು. ತೊಟ್ಟು ಮೇಲಾಗಿ ನೆಟ್ಟಗೆ ನಿಂತು ತೇಲಿದ್ದನ್ನು ಮಾತ್ರ ಆರಿಸುವುದು. ಇದನ್ನು ಯಾರೂ ಅವರಿಗೆ ಕಲಿಸಿದ್ದಲ್ಲ. ಕೃಷಿ ವಿಜ್ಞಾನಿಗಳೂ ಬೀಜದ ಅಡಿಕೆಗೆ ಇದೇ ಪರೀಕ್ಷೆ ಹೇಳುತ್ತಾರೆ ಅಂತ ಗೊತ್ತಾದಾಗ ಭಾವನಿಗೆ ತುಂಬ ಹೆಮ್ಮೆಯಾಗಿತ್ತು. "ನೋಡಿ, ನಮ್ಮ ಅಜ್ಜನೂ ಸೈಂಟಿಸ್ಟೇ" ಅಂದರು. ಇರಲಿ. ಅಜ್ಜನಿಗೆ ತನ್ನ ತೋಟದ ಮರಗಳಲ್ಲಿ ಒಳ್ಳೆಯದು ಯಾವುದು ಅಂತ ಗೊತ್ತಿತ್ತು. ಚೀನಾದಲ್ಲಿ ಎಂಥ ಅಡಿಕೆ ಉಂಟು ಅಂತ ಗೊತ್ತಿರಲಿಲ್ಲ. ಅದು ಗೊತ್ತಾಗಲಿಕ್ಕೆ ಒಂದು ಸರ್ಕಾರ ಬೇಕಾಯಿತು.

ಬೋರ್ಡು ಬದಲಾದರೂ

ಕೂಡ್ಲಿನ ಕೇಂದ್ರ ಶುರುವಾದದ್ದು 1916ರಲ್ಲಿ, ತೆಂಗು ಸಂಶೋಧನಾ ಕೇಂದ್ರ ಅಂತ. ಆಗ ನಾವು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. 1948ರಲ್ಲಿ ಅದು ಭಾರತೀಯ ಕೇಂದ್ರ ತೆಂಗು ಸಮಿತಿಯ ಕೈಗೆ ಹೋಯಿತು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಆ ದಿನದ ನೋವು ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಇದೆ, ಅದು ಬೇರೆ ಕಥೆ. 1966ರಲ್ಲಿ ಕೇಂದ್ರ ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಅಡಿಗೆ ಬಂತು. 1970ರಲ್ಲಿ ಕಾಸರಗೋಡು ಮತ್ತು ಕಾಯಂಕುಳಂನ ತೆಂಗು ಕೇಂದ್ರಗಳನ್ನು, ವಿಟ್ಲದ ಅಡಿಕೆ ಕೇಂದ್ರವನ್ನು ಅದರ ಉಪಕೇಂದ್ರಗಳ ಸಮೇತ ಒಟ್ಟು ಮಾಡಿ ಈಗಿನ ಸಿಪಿಸಿಆರ್‌ಐ ಮಾಡಿದರು. ಕೇಂದ್ರ ಕಚೇರಿ ಕೇರಳದಲ್ಲಿ, ಅಡಿಕೆಯ ದೊಡ್ಡ ಕೆಲಸ ಕರ್ನಾಟಕದ ವಿಟ್ಲದಲ್ಲಿ. ಅಲ್ಲಿಂದ ಕವಲೊಡೆದು 1986ರಲ್ಲಿ ಗೇರಿಗೆ ಪುತ್ತೂರಿನಲ್ಲಿ, ಸಂಬಾರ ಬೆಳೆಗೆ ಕಲ್ಲಿಕೋಟೆಯಲ್ಲಿ ಬೇರೆ ಬೇರೆ ರಾಷ್ಟ್ರೀಯ ಕೇಂದ್ರಗಳಾದವು.

ಒಂದೇ ಜಾಗದ ಬೋರ್ಡು ಎಷ್ಟು ಸಲ ಬದಲಾಯಿತು ನೋಡಿ. ಬ್ರಿಟಿಷರು ಹೋದರು, ರಾಜ್ಯ ಬದಲಾಯಿತು, ಇಲಾಖೆ ಬದಲಾಯಿತು. ಆದರೆ ನೆಟ್ಟ ಮರವನ್ನು ಯಾರೂ ಕಡಿಯಲಿಲ್ಲ, ಮರದ ಲೆಕ್ಕದ ಪುಸ್ತಕ ಯಾರೂ ಬಿಸಾಡಲಿಲ್ಲ. ನನ್ನ ಪ್ರಕಾರ ಈ ಸಂಸ್ಥೆಯ ದೊಡ್ಡ ಸಾಧನೆ ಅದೇ. ಯಾಕೆ ಅಂತ ತಿಳಿಯಬೇಕಾದರೆ ತೆಂಗಿನ ಕ್ಯಾಲೆಂಡರ್ ನೋಡಬೇಕು.

ಇವತ್ತು ಎರಡು ಮರ ಕೂಡಿಸಿದಿರಿ ಅಂತ ಇಟ್ಟುಕೊಳ್ಳಿ. ಕಾಯಿ ಬಲಿಯಲಿಕ್ಕೆ ಒಂದು ವರ್ಷ. ಮೊಳೆತು ನೆಡುವ ಹದಕ್ಕೆ ಬರಲಿಕ್ಕೆ ಇನ್ನೊಂದು. ಎತ್ತರದ ತಳಿಯಾದರೆ ಹೂ ಬಿಡಲಿಕ್ಕೆ ಐದರಿಂದ ಏಳು ವರ್ಷ. ಫಸಲು ಒಂದು ಹದಕ್ಕೆ ಬರಲಿಕ್ಕೆ ಮತ್ತೂ ನಾಲ್ಕೈದು. ಒಳ್ಳೆ ಮಳೆ, ಕೆಟ್ಟ ಮಳೆ ಎರಡನ್ನೂ ನೋಡಿ ಸರಾಸರಿ ತೆಗೆಯಬೇಕಾದರೆ ಇನ್ನೂ ಹಲವು ವರ್ಷ ಕಾಯಿ ಎಣಿಸಬೇಕು. ಆಮೇಲೆ ಬೇರೆ ಊರುಗಳಲ್ಲಿ ನೆಟ್ಟು ನೋಡಬೇಕು. ಕೂಡಿಸಿ ನೋಡಿ, 20 ವರ್ಷ ದಾಟುತ್ತದೆ. ಒಬ್ಬ ವಿಜ್ಞಾನಿಯ ನೌಕರಿ 30, 35 ವರ್ಷ. ಅವನ ಕಾಲದಲ್ಲಿ ಒಂದೂವರೆ ತಲೆಮಾರು ತೆಂಗು, ಅಷ್ಟೆ. ಒಬ್ಬರು ನೆಟ್ಟ ಮರದ ಕಾಯಿಯನ್ನು ಇನ್ನೊಬ್ಬರು ಎಣಿಸಬೇಕು.

ಇನ್ನೊಂದು ಸಂಖ್ಯೆ ಹೇಳುತ್ತೇನೆ. 44. ಮರದ ಒಳಗೆ ಹೊಂಬಾಳೆಯ ಮೊಳಕೆ ಹುಟ್ಟಿದ ದಿನದಿಂದ ಆ ಹೊಂಬಾಳೆಯ ಕಾಯಿ ಬಲಿತು ಕೈಗೆ ಸಿಗುವ ತನಕ ಸುಮಾರು 44 ತಿಂಗಳು. ಅಂದರೆ ಈ ಬೇಸಿಗೆಯ ಬಿಸಿಲಿನ ಪೆಟ್ಟು ಕೆಲವು ಗೊನೆಗಳಿಗೆ ಮೂರೂವರೆ ವರ್ಷ ಕಳೆದು ಗೊತ್ತಾಗುತ್ತದೆ. "ಈ ವರ್ಷ ಒಳ್ಳೆ ಮಳೆ ಬಂತು, ಕಾಯಿ ಮಾತ್ರ ಇಲ್ಲ" ಅಂತ ಭಾವ ಗೊಣಗುವಾಗ ನಾನು ಬೆರಳು ಮಡಚಿ ಹಿಂದಿನ ಬೇಸಿಗೆಗಳನ್ನು ಎಣಿಸುತ್ತೇನೆ. ಸರ್ಕಾರದ ಬಜೆಟ್ಟು 12 ತಿಂಗಳದ್ದು. ಒಂದು ಹೊಂಬಾಳೆಯ ಆಯಸ್ಸಿನಲ್ಲಿ ಮೂರು ಬಜೆಟ್ಟು ಬಂದು ಹೋಗುತ್ತದೆ. ಯಾವುದೋ ಒಂದರಲ್ಲಿ "ಇದರಿಂದ ಏನು ಲಾಭ" ಅಂತ ಕೇಳಿ ಕತ್ತರಿ ಹಾಕಿದ್ದರೆ?

ಖಾಸಗಿಯವರು ಈ ಕೆಲಸಕ್ಕೆ ಬರುವುದಿಲ್ಲ. ಬರಲಿಕ್ಕೆ ಅವರಿಗೆ ಹುಚ್ಚಾ? ಜೋಳದ ಬೀಜವನ್ನು ರೈತ ವರ್ಷ ವರ್ಷ ಕೊಳ್ಳುತ್ತಾನೆ. ತೆಂಗಿನ ಸಸಿಯನ್ನು ಜೀವಮಾನದಲ್ಲಿ ಒಂದು ಸಲ, ಜಾಸ್ತಿ ಅಂದರೆ ಎರಡು ಸಲ.

ತೆಂಗಿನ ಹೈಬ್ರಿಡ್ ಮೊದಲು ಹುಟ್ಟಿದ್ದು ನಮ್ಮದೇ ಜಿಲ್ಲೆಯ ನೀಲೇಶ್ವರದಲ್ಲಿ. 1932ರಲ್ಲಿ ಜೆ. ಎಸ್. ಪಟೇಲ್ ಎಂಬ ವಿಜ್ಞಾನಿ ಊರಿನ ಎತ್ತರದ ಮರಕ್ಕೆ ಹಸಿರು ಗಿಡ್ಡ ತಳಿಯ ಪರಾಗ ಹಾಕಿದರು. ಈ ಮಿಶ್ರ ಸಸಿಗಳಿಗೆ ತಂದೆ ತಾಯಿಗಿಂತ ಜಾಸ್ತಿ ಕಸುವು ಉಂಟು ಅಂತ 1937ರಲ್ಲಿ ಲೋಕಕ್ಕೆ ತಿಳಿಸಿದರು. ನಮ್ಮ ಕಡೆ ಜನ ಹೆಸರು ಹಿಡಿದು ಕೇಳುವ 'ಚಂದ್ರಸಂಕರ', ಅಂದರೆ ಗೆಂದಾಳಿ ತಾಯಿ, ಊರಿನ ಎತ್ತರದ ಮರ ತಂದೆ, ಬಿಡುಗಡೆಯಾದದ್ದು 1985ರಲ್ಲಿ. ನಡುವೆ 53 ವರ್ಷ.

ಸೋದರತ್ತೆಯ ಚೀಲ

ಮೊದಲ ಲಾಭ ಭಾವನ ತೋಟಕ್ಕೆ ಬಂದದ್ದು ಕೂಡ್ಲಿನಿಂದಲ್ಲ, ವಿಟ್ಲದಿಂದ. ಅದೂ ಸರ್ಕಾರದ ಜೀಪಿನಲ್ಲಿ ಬಂದದ್ದಲ್ಲ. ಭಾವನ ಸೋದರತ್ತೆಯನ್ನು ವಿಟ್ಲದ ಕಡೆ ಕೊಟ್ಟದ್ದು. 1979ರಲ್ಲಿ ತವರಿಗೆ ಬರುವಾಗ ಅವರು ಗೋಣಿಚೀಲದಲ್ಲಿ 25 ಅಡಿಕೆ ಸಸಿ ಕಟ್ಟಿಸಿಕೊಂಡು ಬಂದಿದ್ದರು. ಮಂಗಳ.

ವಿಟ್ಲದ ಕೇಂದ್ರ ಶುರುವಾದದ್ದು 1956ರಲ್ಲಿ. ಅವರು ಬೇರೆ ಬೇರೆ ದೇಶಗಳಿಂದ ಅಡಿಕೆ ತರಿಸಿ ನೆಟ್ಟು, ವರ್ಷಗಟ್ಟಲೆ ತೂಗಿ, 1972ರಲ್ಲಿ ಮಂಗಳ ತಳಿ ಹೊರಗೆ ಬಿಟ್ಟರು. ಅದರ ಮೂಲ ಚೀನಾ. ಮರ ಅಷ್ಟು ಎತ್ತರ ಹೋಗುವುದಿಲ್ಲ, ಬೇಗ ಸಿಂಗಾರ, ಅಂದರೆ ಅಡಿಕೆಯ ಹೂಗೊನೆ, ಬಿಡುತ್ತದೆ. ಊರಿನ ಅಡಿಕೆ ಮರಕ್ಕೆ ವರ್ಷಕ್ಕೆ ಸುಮಾರು 2 ಕಿಲೋ ಚಾಲಿ (ಒಣಗಿಸಿ ಸುಲಿದ ಅಡಿಕೆ) ಆದರೆ ಇದಕ್ಕೆ ಸುಮಾರು 3. ಆಮೇಲೆ ಸುಮಂಗಳ, ಶ್ರೀಮಂಗಳ, ಮೋಹಿತ್‌ನಗರ ಬಂದವು.

ಆ 25 ಸಸಿ ತೋಟದ ಪೂರ್ವದ ಮೂಲೆಯಲ್ಲಿ ಬೆಳೆದವು. ಭಾವನ ತಂದೆಗೆ ಮೊದಲು ನಂಬಿಕೆ ಇರಲಿಲ್ಲ. ಸಿಂಗಾರ ಬೇಗ ಬಂದದ್ದು ನೋಡಿ ಅವುಗಳದ್ದೇ ಗೋಟು ಹಾಕಿ ಇನ್ನೂರು ಸಸಿ ಮಾಡಿದರು. ಅಕ್ಕಪಕ್ಕದವರಿಗೂ ಕೊಟ್ಟರು. ನಮ್ಮೂರಲ್ಲಿ ಹೊಸ ತಳಿ ಹರಡುವುದು ಹೀಗೆ, ಮದುವೆ, ತವರು, ನೆಂಟಸ್ತಿಕೆಯ ದಾರಿಯಲ್ಲಿ. ಇದಕ್ಕೆ ಯಾವ ರಿಜಿಸ್ಟರಿನಲ್ಲೂ ಲೆಕ್ಕ ಇಲ್ಲ. ಸರ್ಕಾರದ ಖರ್ಚು ಪೈಸೆ ಪೈಸೆ ಬರೆದಿಟ್ಟಿರುತ್ತದೆ, ಅದರ ಲಾಭ ಅತ್ತೆಯ ಗೋಣಿಚೀಲದಲ್ಲಿ ಹೋಗುತ್ತದೆ. ಸಂಶೋಧನೆಯಿಂದ ಏನು ಬಂತು ಅಂತ ಕೇಳಿದಾಗ ಉತ್ತರ ಯಾವಾಗಲೂ ಕಮ್ಮಿ ಕಾಣುವುದಕ್ಕೆ ಇದೂ ಒಂದು ಕಾರಣ.

ಒಂದು ತೊಂದರೆಯೂ ಉಂಟು. ಅಡಿಕೆಗೆ ಪಕ್ಕದ ಮರದ ಪರಾಗ ಸುಲಭದಲ್ಲಿ ಸೇರುತ್ತದೆ. ಪೂರ್ವದ ಮೂಲೆಯ ಮಂಗಳಕ್ಕೆ ಪಶ್ಚಿಮದ ಊರಿನ ಅಡಿಕೆಯ ಪರಾಗ. ಎರಡನೇ ತಲೆಗೇ ಬೆರಕೆ. ಈಗ ಭಾವ "ಇದು ಮಂಗಳ" ಅಂತ ತೋರಿಸುವ ಮರಗಳಲ್ಲಿ ಎಷ್ಟು ಮಂಗಳ, ಎಷ್ಟು ಅಜ್ಜನ ಅಡಿಕೆ ಅಂತ ದೇವರಿಗೇ ಗೊತ್ತು. ಶುದ್ಧ ಬೀಜ ಬೇಕಾದರೆ ಪುನಃ ವಿಟ್ಲಕ್ಕೇ ಹೋಗಬೇಕು. ಮೂಲದ ಮರಗಳನ್ನು ಕಾಯುತ್ತ ಒಬ್ಬರು ಅಲ್ಲಿ ಇರಲೇಬೇಕು. ಸಂಶೋಧನೆ ಒಂದು ಸಲ ಮಾಡಿ ಮುಗಿಸುವ ಕೆಲಸ ಅಲ್ಲ ಅನ್ನುವುದು ನನಗೆ ಅರ್ಥವಾದದ್ದು ಈ ಬೆರಕೆ ಮಂಗಳದಿಂದ.

ಮಹಾಳಿಯ ಮದ್ದಿನ ಕಥೆ ಇನ್ನೂ ಹಳೆಯದು. ಮೈಸೂರು ಸರ್ಕಾರ ನೇಮಿಸಿಕೊಂಡ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ 1910ರ ಸುಮಾರಿಗೆ ಮಲೆನಾಡಿನಲ್ಲಿ ಈ ಕೊಳೆರೋಗದ ಬೆನ್ನು ಹತ್ತಿದರು. ಮಳೆ ಹಿಡಿಯುವ ಮೊದಲೇ ಗೊನೆಗೆ ಬೋರ್ಡೋ ಬಿಡಬೇಕು ಅಂತ ತೋರಿಸಿಕೊಟ್ಟರು. ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಬೆರೆಸಿದ ಮೇಲೆ ಭಾವ ಈಗಲೂ ಪೀಶಕತ್ತಿಯನ್ನು ಅದರಲ್ಲಿ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಅಂತ ಅರ್ಥ. ನೂರು ವರ್ಷದಿಂದ ಪ್ರತಿ ಜೂನಿನಲ್ಲಿ ಸಾವಿರಾರು ಅಂಗಳಗಳಲ್ಲಿ ನಡೆಯುವ ಪರೀಕ್ಷೆ ಇದು.

ಏನೂ ಮಾಡಬೇಡಿ ಅಂದ ವರ್ಷ

2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ತೆಂಗಿಗೆ ಹೊಸ ಬಿಳಿನೊಣ ಬಂತು. ಹೊರದೇಶದ್ದು. ಗರಿಯ ಅಡಿಯಲ್ಲಿ ಬೆರಳಿಂದ ಬರೆದ ಹಾಗೆ ಸುರುಳಿ ಸುರುಳಿಯಾಗಿ ಬಿಳಿ ಮೇಣ ಬಿಟ್ಟು ಮೊಟ್ಟೆ ಇಡುತ್ತದೆ. ಅಲ್ಲಿಂದ ಕೇರಳ, ಕರ್ನಾಟಕ, ಆಂಧ್ರ ಎಲ್ಲ ಕಡೆ ಹಬ್ಬಿತು. ಭಾವನ ತೋಟಕ್ಕೆ ಬಂದಾಗ ಮೊದಲು ಕಂಡದ್ದು ನೊಣ ಅಲ್ಲ, ಕಪ್ಪು. ಕೆಳಗಿನ ಮಡಲು, ಬಾಳೆ ಎಲೆ, ಕೊಕ್ಕೊ ಎಲೆ, ಎಲ್ಲದರ ಮೇಲೂ ಕಾಡಿಗೆ ಬಳಿದ ಹಾಗೆ ಬೂಷ್ಟು. ನೊಣ ಮೇಲಿಂದ ಸಿಹಿ ಅಂಟು ಸುರಿಸುತ್ತದೆ, ಬೂಷ್ಟು ಅದರ ಮೇಲೆ ಬೆಳೆಯುತ್ತದೆ. ಅಕ್ಕ ಬಾಳೆ ಎಲೆ ಕೊಯ್ದು ಊಟಕ್ಕೆ ಹಾಕುವ ಹಾಗಿರಲಿಲ್ಲ.

ಪಕ್ಕದ ತೋಟದವರು ಪವರ್ ಸ್ಪ್ರೇಯರ್ ತಂದು ಕೀಟನಾಶಕ ಹೊಡೆದರು. ಭಾವನೂ ತಯಾರಾಗಿದ್ದರು. ಅಷ್ಟರಲ್ಲಿ ಕೂಡ್ಲಿನಲ್ಲಿ ಒಂದು ದಿನದ ತರಬೇತಿ ಇತ್ತು, ನಾನೂ ಜೊತೆಗೆ ಹೋದೆ. ಅಲ್ಲಿ ಹೇಳಿದ್ದು ಒಂದೇ ಮಾತು. ವಿಷ ಹೊಡೆಯಬೇಡಿ. ತೀರಾ ಜಾಸ್ತಿಯಾದರೆ ನೀರು ರಭಸದಲ್ಲಿ ಬಿಡಿ. ಬೂಷ್ಟಿಗೆ 1 ಶೇಕಡಾ ಗಂಜಿ ಸಿಂಪಡಿಸಿ, ಒಣಗಿದ ಮೇಲೆ ಹಪ್ಪಳದ ಹಾಗೆ ಎದ್ದು ಹೋಗುತ್ತದೆ. ಉಳಿದದ್ದಕ್ಕೆ ಕಾಯಿರಿ.

ವಾಪಸು ಬರುವಾಗ ಬಸ್ಸಿನಲ್ಲಿ ಭಾವ ಕೇಳಿದರು. "ಏನೂ ಮಾಡಬೇಡಿ ಅಂತ ಹೇಳಲಿಕ್ಕೂ ಸರ್ಕಾರ ಸಂಬಳ ಕೊಡ್ತದಾ ಭಾವ?"

ನಗು ಬಂತು. ಆದರೆ ಅದೇ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಂಗಡಿಯವನು ಯಾವತ್ತಾದರೂ "ಏನೂ ಕೊಳ್ಳಬೇಡಿ" ಅಂತ ಹೇಳುತ್ತಾನಾ? ಅದನ್ನು ಧೈರ್ಯದಲ್ಲಿ ಹೇಳಬೇಕಾದರೆ ಮಾರುವ ಹಂಗು ಇರಬಾರದು. ಜೊತೆಗೆ ಗರಿಯ ಅಡಿಯಲ್ಲಿ ಏನು ನಡೆಯುತ್ತಿದೆ ಅಂತ ಸರಿಯಾಗಿ ಗೊತ್ತಿರಬೇಕು. ಅಲ್ಲಿ ನಡೆಯುತ್ತಿದ್ದದ್ದು ಇದು. ಎನ್‌ಕಾರ್ಸಿಯಾ ಗ್ವಾಡೆಲೂಪೆ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜ ಬಿಳಿನೊಣದ ಮರಿಯ ಒಳಗೆ ಮೊಟ್ಟೆ ಇಡುತ್ತದೆ. ಕಣಜದ ಮರಿ ನೊಣದ ಮರಿಯನ್ನು ಒಳಗಿಂದ ತಿಂದು ದುಂಡಗೆ ತೂತು ಮಾಡಿ ಹೊರಗೆ ಬರುತ್ತದೆ. ವಿಷ ಹೊಡೆದರೆ ಮೊದಲು ಸಾಯುವುದು ಈ ಕಣಜವೇ. ಇಂಥ ಕೆಲಸ ಇವರಿಗೆ ಹೊಸದೇನೂ ಅಲ್ಲ. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಗೆ ರೋಗ ಹಿಡಿಸುವ ವೈರಸ್ಸನ್ನು 1983ರಲ್ಲೇ ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಬಿಟ್ಟು ದುಂಬಿಯನ್ನು ಹತೋಟಿಗೆ ತಂದಿದ್ದರು.

ಭಾವ ಕಾದರು. ಗೊಣಗುತ್ತಲೇ ಕಾದರು. ಕೆಲವು ತಿಂಗಳು ಕಳೆದು ಒಂದು ಗರಿ ಕಿತ್ತು ಮೊಮ್ಮಗನ ಭೂತಗನ್ನಡಿಯಲ್ಲಿ ನೋಡಿದೆವು. ಬಿಳಿ ಮರಿಗಳ ನಡುವೆ ಕಪ್ಪಾದವು ಕಂಡವು. ಕೆಲವಕ್ಕೆ ಸೂಜಿಯಲ್ಲಿ ಚುಚ್ಚಿದ ಹಾಗೆ ದುಂಡು ತೂತು. ಭಾವ ಕನ್ನಡಿ ವಾಪಸು ಕೊಡಲೇ ಇಲ್ಲ, ಅರ್ಧ ಗಂಟೆ ಒಂದೊಂದೇ ಗರಿ ನೋಡುತ್ತ ಕೂತರು. ನೊಣ ಪೂರ್ತಿ ಹೋಗಿಲ್ಲ. ಈಗಲೂ ಬೇಸಿಗೆಯಲ್ಲಿ ಬರುತ್ತದೆ, ಹೋಗುತ್ತದೆ. ಆದರೆ ಆ ವರ್ಷ ತೋಟಕ್ಕೆ ಒಂದು ತೊಟ್ಟು ವಿಷ ಬೀಳಲಿಲ್ಲ, ಅದರ ಖರ್ಚೂ ಉಳಿಯಿತು.

ನಮ್ಮ ಜಿಲ್ಲೆಯಲ್ಲಿ ಈ ಮಾತಿಗೆ ಬೇರೆಯೇ ತೂಕ ಉಂಟು. 1970ರ ದಶಕದ ಕೊನೆಯಿಂದ 2000ದ ತನಕ ಇಲ್ಲಿನ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆಯ ಸುತ್ತಿನ ಮಕ್ಕಳನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅದಕ್ಕೂ ಹೋದದ್ದು ಸಾರ್ವಜನಿಕರ ದುಡ್ಡೇ. ಆದ್ದರಿಂದ "ಸರ್ಕಾರದ ದುಡ್ಡು, ಆದ್ದರಿಂದ ಒಳ್ಳೆಯದು" ಅಂತ ನಾನು ಹೇಳುವುದಿಲ್ಲ. ಮೇಲಿಂದ ಸುರಿಯಲಿಕ್ಕೆ ಖರ್ಚಾದ ದುಡ್ಡು ಒಂದು, ಗರಿ ಮಗುಚಿ ನೋಡಲಿಕ್ಕೆ ಖರ್ಚಾದ ದುಡ್ಡು ಇನ್ನೊಂದು.

ದುಡಿಯದ ಮರಗಳು

ಕೂಡ್ಲಿನ ತರಬೇತಿಯ ದಿನ ನಮಗೆ ತಳಿ ಭಂಡಾರ ತೋರಿಸಿದರು. ಭಾವನಿಗೆ ಅದು ಅಷ್ಟು ಹಿಡಿಸಲಿಲ್ಲ. ಕೆಲವು ಮರದಲ್ಲಿ ಮುಷ್ಟಿಯಷ್ಟೇ ಕಾಯಿ. ಕೆಲವದರಲ್ಲಿ ಕಾಯಿಯೇ ಅಪರೂಪ. "ನಮ್ಮಲ್ಲಾದರೆ ಎಂದೋ ಕಡಿಯುತ್ತಿದ್ದೆ" ಅಂದರು.

ಅಲ್ಲಿ ದೇಶ, ಹೊರದೇಶದ 400ಕ್ಕೂ ಹೆಚ್ಚು ಬಗೆಯ ತೆಂಗು ಉಂಟು. ಸುಬ್ರಹ್ಮಣ್ಯದ ಹತ್ತಿರ ಕಿದುವಿನಲ್ಲಿ ದಕ್ಷಿಣ ಏಷ್ಯಾಕ್ಕೆಲ್ಲ ಸೇರಿದ ಅಂತರರಾಷ್ಟ್ರೀಯ ತೆಂಗು ಭಂಡಾರ ಬೇರೆ. ದ್ವೀಪಗಳಿಂದ ತೆಂಗು ತರುವಾಗ ಇಡೀ ಕಾಯಿ ಹೊತ್ತು ತಂದರೆ ಭಾರ, ಜೊತೆಗೆ ರೋಗವೂ ಬರುತ್ತದೆ. ಅದಕ್ಕೆ ಕಾಯಿಯ ಒಳಗಿನ ಕಡಲೆಬೀಜದಷ್ಟೂ ಇಲ್ಲದ ಭ್ರೂಣವನ್ನು ಮಾತ್ರ ತೆಗೆದು ಗಾಜಿನ ನಳಿಗೆಯಲ್ಲಿ ಬೆಳೆಸುವ ವಿಧಾನ ಮಾಡಿಕೊಂಡರು.

ಈ ಮರಗಳು ಹತ್ತಾರು ವರ್ಷ ಸುಮ್ನೆ ನಿಲ್ಲುತ್ತವೆ. ನೀರು ತಿನ್ನುತ್ತವೆ, ಗೊಬ್ಬರ ತಿನ್ನುತ್ತವೆ, ಆಳು ತಿನ್ನುತ್ತವೆ. ದಕ್ಷಿಣ ಕೇರಳದಲ್ಲಿ ಬೇರು ಸೊರಗು ರೋಗ ತೆಂಗಿನ ತೋಟಗಳನ್ನು ತಿನ್ನುತ್ತಿದ್ದಾಗ, ತಡೆದು ನಿಲ್ಲುವ ಮರ ಯಾವುದು ಅಂತ ಹುಡುಕಿದರು. ಸಿಕ್ಕಿದ್ದರಲ್ಲಿ ಒಂದು ಮಲಯದ ಹಸಿರು ಗಿಡ್ಡ. ಅದರಿಂದ ಆರಿಸಿದ್ದೇ ಕಲ್ಪರಕ್ಷಾ. ಅದು ಮೊದಲೇ ಈ ದೇಶಕ್ಕೆ ಬಂದು ಬೆಳೆದಿರದಿದ್ದರೆ ರೋಗ ಬಂದ ಮೇಲೆ ತಂದು, ನೆಟ್ಟು, ಕಾಯಲಿಕ್ಕೆ ಸಮಯ ಎಲ್ಲಿಂದ ಬರಬೇಕಿತ್ತು?

ಬಾರದೆ ಉಳಿದದ್ದು

ಈಗ ಇನ್ನೊಂದು ಬದಿ. ಚಂದ್ರಸಂಕರ ಬಿಡುಗಡೆಯಾಗಿ 19 ವರ್ಷ ಕಳೆದ ಮೇಲೂ ಭಾವ ಪಿಕಪ್ಪಿನವನಿಂದ ಸಸಿ ಕೊಂಡರು. ಯಾಕೆ? ಹೈಬ್ರಿಡ್ ಸಸಿಗೆ ಇರುವ ಬೇಡಿಕೆಯಷ್ಟು ಸಸಿ ಎಲ್ಲೂ ಇಲ್ಲ. ಒಂದೊಂದು ಹೊಂಬಾಳೆಗೂ ಮನುಷ್ಯ ಹತ್ತಬೇಕು. ಅರಳುವ ಮೊದಲೇ ಗಂಡು ಹೂಗಳನ್ನೆಲ್ಲ ಕಿತ್ತು ತೆಗೆಯಬೇಕು. ಹೆಣ್ಣು ಹೂ ಹದಕ್ಕೆ ಬಂದ ದಿನಗಳಲ್ಲಿ ಮತ್ತೆ ಮತ್ತೆ ಹತ್ತಿ ಪರಾಗ ಹಾಕಬೇಕು. ಇಷ್ಟಾಗಿ ಸಿಗುವುದು ಕೆಲವೇ ಕಾಯಿ. ತೆಂಗಿನ ಮರ ಹತ್ತುವವರು ಸಿಗದೆ ನಮ್ಮ ಕಾಯಿಯೇ ಮರದಲ್ಲಿ ಒಣಗುವ ಕಾಲ ಇದು. ಅಂಗಾಂಶ ಕೃಷಿಯಲ್ಲಿ ಬಾಳೆಯ ಹಾಗೆ ತೆಂಗಿನ ಸಸಿ ಮಾಡುವುದು ಭಾರಿ ಕಷ್ಟ. ಅಡಿಕೆಗೆ ಎಳೆಯ ಸಿಂಗಾರದಿಂದ ಸಸಿ ಮಾಡುವ ದಾರಿಯನ್ನು ಕಾಸರಗೋಡಿನಲ್ಲೇ ಕಂಡುಹಿಡಿದಿದ್ದಾರೆ. ಸುಳ್ಯ, ಶೃಂಗೇರಿ ಕಡೆಯ ಹಳದಿ ಎಲೆ ರೋಗಕ್ಕೆ ಇನ್ನೂ ಮದ್ದಿಲ್ಲ. ಆ ರೋಗದ ನಡುವೆಯೂ ಹಸಿರಾಗಿ ನಿಂತ ಮರಗಳಿಂದ ಹೀಗೆ ಸಸಿ ಮಾಡುವುದೇ ಈಗಿನ ಆಸೆ.

ನನ್ನ ತಕರಾರು ಇಷ್ಟೆ. ತಳಿ ಹುಟ್ಟಿಸಲಿಕ್ಕೆ ನೂರು ವರ್ಷ ದುಡ್ಡು ಹಾಕಿದವರು ಅದನ್ನು ಸಾವಿರ, ಲಕ್ಷ ಮಾಡಲಿಕ್ಕೆ ಅಷ್ಟೇ ಮನಸ್ಸು ಮಾಡಲಿಲ್ಲ. ಆ ಖಾಲಿ ಜಾಗಕ್ಕೆ ಪಿಕಪ್ ನುಗ್ಗಿತು. 'ಕಲ್ಪರಸ'ದ್ದೂ ಸುಮಾರಿಗೆ ಇದೇ ಪಾಡು. ಹೊಂಬಾಳೆಯ ರಸ ಹುಳಿ ಬಾರದ ಹಾಗೆ ಐಸು ತುಂಬಿದ ಪೆಟ್ಟಿಗೆಯಲ್ಲಿ ಇಳಿಸುವ ಉಪಾಯ ಕೂಡ್ಲಿನಲ್ಲಿ ಮಾಡಿದರು. ಚಂದದ ಕೆಲಸ. ಆದರೆ ಐಸು ಸಿಕ್ಕಿದರೂ ದಿನಾ ಮರ ಹತ್ತಿ ಇಳಿಯುವ ಕಾಲು ಭಾವನ ತೋಟದಲ್ಲಿ ಇಲ್ಲ.

ಭಾಷೆಯ ಮಾತೂ ಉಂಟು. ಪಂಚಾಯತಿನ ಕೃಷಿ ಭವನಕ್ಕೆ ಹೋದರೆ ಹೆಚ್ಚಿನ ಕಾಗದ ಮಲಯಾಳದಲ್ಲಿ. ಮಾತಾಡಲಿಕ್ಕೆ ಬರುತ್ತದೆ, ಓದಲಿಕ್ಕೆ ಭಾವನ ಪ್ರಾಯದವರಿಗೆ ಕಷ್ಟ. ಕನ್ನಡದಲ್ಲಿ ತೋಟದ ವಿಷಯ ಅವರಿಗೆ ಸಿಕ್ಕಿದ್ದು ಜಾಸ್ತಿಯೂ ಪುತ್ತೂರಿನಿಂದ 1988ರಿಂದ ಬರುವ ಅಡಿಕೆ ಪತ್ರಿಕೆಯಿಂದ. ಕೃಷಿಕರೇ ಬರೆದು, ಕೃಷಿಕರೇ ಓದುವ ಪತ್ರಿಕೆ. ಹಳೆ ಸಂಚಿಕೆಗಳ ಕಟ್ಟು ಅಟ್ಟದಲ್ಲಿ ಇನ್ನೂ ಉಂಟು.

ಗೆಂದಾಳಿಗೆ ಮರಳಿ

60 ಮರ ಕಡಿಯುವುದಾ, ಬಿಡುವುದಾ ಅಂತ ಭಾವನಿಗೆ ವರ್ಷಗಟ್ಟಲೆ ಯೋಚನೆ. ತರಬೇತಿಯ ದಿನ ದಂಟಿನ ಬಣ್ಣದ ಗುಟ್ಟು ಕೇಳಿದಾಗ ಮೊದಲು ಸಿಟ್ಟು ಬಂತು. ಆಮೇಲೆ ಅವರೇ ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. "ನನ್ನಲ್ಲಿ ಗೆಂದಾಳಿ ಉಂಟು. ಸುತ್ತ ಅಜ್ಜ ನೆಟ್ಟ ಎತ್ತರದ ಮರ ಉಂಟು. ಹಾಗಾದರೆ ನನ್ನ ಗೆಂದಾಳಿಯಲ್ಲೂ ಕಂದು ಸಸಿ ಹುಟ್ಟಬೇಕಲ್ಲ?"

ಹುಟ್ಟುತ್ತದೆ. ಗಿಡ್ಡ ತಳಿ ಹೆಚ್ಚಾಗಿ ತನ್ನ ಪರಾಗಕ್ಕೇ ಕಾಯಿ ಕಟ್ಟುತ್ತದೆ, ಆದರೆ ಗಾಳಿಗೆ, ಜೇನಿಗೆ ಅಷ್ಟೋ ಇಷ್ಟೋ ಹೊರಗಿನದ್ದೂ ಸೇರುತ್ತದೆ. ಗಂಡು ಹೂ ಮೊದಲೇ ಕಿತ್ತರೆ ಇನ್ನೂ ಜಾಸ್ತಿ. ಮರ ಗಿಡ್ಡ, ಸಣ್ಣ ಏಣಿ ಇಟ್ಟರೆ ಸಾಕು. ಮುಂದಿನ ವರ್ಷ ಭಾವ ಎತ್ತರದ ಮರಗಳ ಹತ್ತಿರ ಇದ್ದ ಹತ್ತು ಗೆಂದಾಳಿ ಆರಿಸಿದರು. ಬೆಳಿಗ್ಗೆ ಕಾಫಿ ಕುಡಿದು ಕತ್ತರಿ ಹಿಡಿದು ಹೊರಡುವುದು, ಒಡೆದ ಹೊಂಬಾಳೆಯ ಗಂಡು ಹೂ ಕತ್ತರಿಸಿ ಕೆಳಗೆ ಹಾಕುವುದು. ಅಂಗಳದಲ್ಲಿ ಜೇನು ಪೆಟ್ಟಿಗೆ ಮೊದಲೇ ಇತ್ತು. ಇದು ಚಂದ್ರಸಂಕರಕ್ಕೆ ಸಮ ಅಂತ ಹೇಳಲಾಗದು. ಅಲ್ಲಿ ತಂದೆ ಮರವನ್ನೂ ವರ್ಷಗಟ್ಟಲೆ ಎಣಿಸಿ ಆರಿಸಿರುತ್ತಾರೆ. ಇಲ್ಲಿ ಅಜ್ಜ ನೆಟ್ಟ ಯಾವುದೋ ಮರ. ಆದರೂ ನಮ್ಮ ಭಾವನಿಗೆ ಸಾಕು.

ಮೊನ್ನೆ ಹೋಗಿದ್ದೆ. ಸುರಂಗದ ಬಾಯಿಯ ಹತ್ತಿರದ ಪಾತಿಯಲ್ಲಿ ಸಸಿ ಬಂದಿತ್ತು. ಭಾವ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಸಸಿಯ ದಂಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕಂದು ಬಲಕ್ಕೆ, ಕಿತ್ತಳೆ ಎಡಕ್ಕೆ. ಹತ್ತರಲ್ಲಿ ಎರಡೋ ಮೂರೋ ಮಾತ್ರ ಬಲಕ್ಕೆ ಹೋಗುತ್ತಿತ್ತು. ಎಡದ ರಾಶಿ ಗೊಬ್ಬರದ ಗುಂಡಿಗೆ.

ಅಕ್ಕ ಬಟ್ಟೆ ಒಣಗಿಸಲಿಕ್ಕೆ ಬಂದವಳು ಎಡದ ರಾಶಿಯಿಂದ ಒಂದನ್ನು ಎತ್ತಿಕೊಂಡಳು.

"ಅದು ಬೇಡ, ಅದು ಗೆಂದಾಳಿ" ಅಂದರು ಭಾವ.

"ಗೊತ್ತುಂಟು. ಬಾವಿಕಟ್ಟೆಯ ಹತ್ತಿರ ಒಂದು ಇರಲಿ" ಅಂದಳು. "ಚಂದ ಉಂಟಲ್ಲ."